ಹಿಡ್ದು ಝೂಗೆ ಹಾಕ್ಬುಡಿ



2025ರ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಬೊಮ್ಮಲಾಪುರದಲ್ಲಿ ನಡೆದ ಪ್ರಸಂಗ ನಿಮಗೆ ನೆನಪಿರಬಹುದು. ಗುಂಡ್ಲುಪೇಟೆ ತಾಲ್ಲೂಕಿನ ಆ ಊರಿನ ಹೊಲಗಳ ಸುತ್ತ ಹುಲಿ ಓಡಾಡುತ್ತಿದೆಯೆಂದು ಅರಣ್ಯ ಇಲಾಖೆಯವರು ಬೋನು ತಂದಿಟ್ಟಿದ್ದರು. ಹುಲಿ ಬೀಳಲಿಲ್ಲ. ಹಿಡಿಯುವ ಕೆಲಸ ನೆಟ್ಟಗೆ ನಡೆಯುತ್ತಿಲ್ಲ ಎಂದು ರೇಗಿದ ರೈತರು, ಊರಿಗೆ ಬಂದ ಇಲಾಖೆಯ ಸಿಬ್ಬಂದಿಯನ್ನೇ ಹಿಡಿದು ಆ ಬೋನಿಗೆ ತುಂಬಿ ಬಾಗಿಲು ಹಾಕಿದರು. ಮೊಬೈಲಿನಲ್ಲಿ ತೆಗೆದ ಆ ಚಿತ್ರವನ್ನು ರಾಜ್ಯವೆಲ್ಲ ನೋಡಿತು. ಮೇಲಧಿಕಾರಿಗಳು ಬಂದು ಸಮಾಧಾನ ಹೇಳಿ ಬಿಡಿಸಿಕೊಂಡು ಹೋದರು, ಆಮೇಲೆ ಪೊಲೀಸ್ ಕೇಸೂ ಆಯಿತು.

ನೋಡಿದವರಲ್ಲಿ ಹೆಚ್ಚಿನವರು ನಕ್ಕರು. ನನಗೂ ಮೊದಲು ನಗು ಬಂತು ಎನ್ನಬೇಕು. ಆದರೆ ಸರಳಿನ ಹಿಂದೆ ನಿಂತಿದ್ದ ಆ ಖಾಕಿಯವರ ಮುಖ ನೋಡಿ. ಅವರಿಗೆ ಏಟು ಬಿದ್ದಿರಲಿಲ್ಲ, ಹಸಿವೆಯಾಗಿರಲಿಲ್ಲ, ಸ್ವಲ್ಪ ಹೊತ್ತಿನಲ್ಲಿ ಬಿಡುಗಡೆಯಾಗುತ್ತದೆಂದು ಗೊತ್ತೂ ಇತ್ತು. ಆದರೂ ಹತ್ತು ಜನ ಎದುರಿಗೆ ನಿಂತು ನೋಡುವುದನ್ನು ಅವರಿಗೆ ತಾಳಲಾಗುತ್ತಿರಲಿಲ್ಲ. ಪ್ರಾಣಿಗೆ ಹೀಗೆ ನಾಚಿಕೆಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಜೀವವನ್ನು ಕೂಡಿಹಾಕುವುದು ಒಂದು ಕೆಲಸ, ಕೂಡಿಹಾಕಿ ನೋಡುವುದು ಇನ್ನೊಂದು ಕೆಲಸ ಎಂಬುದು ಆ ಚಿತ್ರದಿಂದ ಸಲೀಸಾಗಿ ಅರ್ಥವಾಗುತ್ತದೆ. ಇವತ್ತಿನ ನನ್ನ ಮಾತೆಲ್ಲ ಈ ಎರಡು ಕೆಲಸಗಳ ಮೇಲೆ.

ಹನೂರು, ಕೊಳ್ಳೇಗಾಲ, ಯಳಂದೂರು ಕಡೆಯ ಜನರಿಗೆ ಕಾಡುಪ್ರಾಣಿ ಎಂದರೆ ಟಿಕೇಟು ಕೊಟ್ಟು ನೋಡುವ ವಸ್ತುವಲ್ಲ. ರಾತ್ರಿ ರಾಗಿ ಹೊಲಕ್ಕೆ ಆನೆ ಇಳಿದರೆ ತಮಟೆ ಬಡಿದು ಓಡಿಸಬೇಕು. ಸಂಜೆ ಮೇಕೆ ಲೆಕ್ಕ ಹಾಕುವಾಗ ಒಂದು ಕಡಿಮೆಯಾದರೆ ಚಿರತೆಯ ಹೆಸರೇ ಮೊದಲು ಬಾಯಿಗೆ ಬರುವುದು. 2023ರಲ್ಲಿ ಹನೂರು ತಾಲ್ಲೂಕಿನ ಸೋಲಿಗರ ಪೋಡೊಂದರಲ್ಲಿ ಚಿರತೆ ಮಗುವಿನ ಮೇಲೇ ಬಿತ್ತು. ಇಂಥ ಕಡೆ ಚಿರತೆ ಬೋನಿಗೆ ಬಿದ್ದ ಸುದ್ದಿ ಬಂದ ದಿನ ಟೀ ಅಂಗಡಿಯಲ್ಲಿ ಕೇಳುವ ಮಾತು ಹೀಗಿರುತ್ತದೆ:

"ಎಲ್ಲಿಗ್ ತಕ್ಕೊಂಡೋದ್ರು ದೊಡ್ಡಪ್ಪಾ?"

"ಕಾಡ್ಗೇ ಬುಟ್ರಂತ ಕನಪ್ಪ."

"ಬುಟ್ರೆ ತಿರ್ಗಾ ಬತ್ತದ. ಹಿಡ್ದು ಝೂಗೆ ಹಾಕ್ಬುಡಿ ಅಂತ ಯೋಳ್ಬೇಕಿತ್ತು."

ನಮ್ಮ ಕಡೆ ಮೈಸೂರಿನ ಝೂ ಎಂದರೆ ಎರಡು ಅರ್ಥ. ಶಾಲೆಯ ಪ್ರವಾಸಕ್ಕೆ ಹೋಗುವ ಜಾಗ ಒಂದು, ತಪ್ಪು ಮಾಡಿದ ಪ್ರಾಣಿಯನ್ನು ಕಳಿಸುವ ಜೈಲು ಇನ್ನೊಂದು. ಮಕ್ಕಳು ಕಡಲೆಕಾಯಿ ತಿನ್ನುತ್ತ ನೋಡುವ ಪ್ರಾಣಿ ಯಾವ ಊರಿನ ಗಡಿಯಿಂದ ಬಂದದ್ದು ಎಂದು ಮೇಷ್ಟರೂ ಹೇಳುವುದಿಲ್ಲ, ಹಲಗೆಯ ಮೇಲೂ ಬರೆದಿರುವುದಿಲ್ಲ.

ಪ್ರಾಣಿಯನ್ನು ಹಿಡಿಯುವುದನ್ನೇ ತಮಾಷೆ ಮಾಡಿಕೊಂಡ ಚರಿತ್ರೆ ನಮ್ಮ ಸೀಮೆಗೆ ಹಳೆಯದು. ಸ್ಯಾಂಡರ್‌ಸನ್ ಎಂಬ ಇಂಗ್ಲಿಷ್ ಅಧಿಕಾರಿ 1870ರ ದಶಕದಲ್ಲಿ ಚಾಮರಾಜನಗರದ ಹತ್ತಿರವೇ ಖೆಡ್ಡಾ ಮಾಡಿ, ಒಂದು ಇಡೀ ಆನೆ ಹಿಂಡನ್ನು ಕಂದಕ, ಬೇಲಿಗಳ ನಡುವೆ ಓಡಿಸಿ ಕೂಡಿಹಾಕಿದ. ಅಲ್ಲಿಂದ ಶುರುವಾದದ್ದು ಕಾಕನಕೋಟೆಯಲ್ಲಿ ದೊಡ್ಡ ಉತ್ಸವವಾಗಿ ಬೆಳೆಯಿತು. ಇಂಗ್ಲೆಂಡಿನ ರಾಜಕುಮಾರರು ಬಂದರೆ ಖೆಡ್ಡಾ, ವೈಸರಾಯರು ಬಂದರೆ ಖೆಡ್ಡಾ. ಕಬಿನಿ ಹೊಳೆಯಲ್ಲಿ ಹಿಂಡು ಘೀಳಿಡುತ್ತ ದಾಟುವಾಗ ಅತಿಥಿಗಳು ಮೇಲೆ ಕಟ್ಟಿದ ಅಟ್ಟಣೆಗಳಲ್ಲಿ ಕುಳಿತು ನೋಡುತ್ತಿದ್ದರು. 1937ರ 'ಎಲಿಫೆಂಟ್ ಬಾಯ್' ಚಿತ್ರಕ್ಕೂ ಮೈಸೂರು ಸೀಮೆಯ ಖೆಡ್ಡಾವನ್ನೇ ಕ್ಯಾಮೆರಾದಲ್ಲಿ ಹಿಡಿದರು. ಕಾರಾಪುರದ ಮಾವುತನ ಮಗ ಸಾಬು ಅದರಿಂದ ಲೋಕಪ್ರಸಿದ್ಧನಾದ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು.

ಹಾಗೆ ಹಿಡಿದ ಆನೆಗಳಲ್ಲೊಂದು ಅರ್ಜುನ. 1968ರಲ್ಲಿ ಕಾಕನಕೋಟೆಯಲ್ಲಿ ಸಿಕ್ಕಿದವನು. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತು ನಡೆದ. ಲಕ್ಷಾಂತರ ಜನ ಕೈಮುಗಿದರು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಅವನನ್ನು ಇಳಿಸಿದ್ದರು. ಅಲ್ಲಿ ಸಲಗವೊಂದರ ಜೊತೆ ಕಾದಾಡಿ ಸತ್ತ. ಅಂದರೆ ಕಾಡಿನಿಂದ ಹಿಡಿದು ತಂದು, ನೋಡುವವರ ಮುಂದೆ ಮೆರವಣಿಗೆ ಮಾಡಿಸಿ, ಮುಪ್ಪಿನಲ್ಲಿ ತನ್ನ ಕುಲದವರನ್ನೇ ಹಿಡಿದುಕೊಡಲು ಕಳಿಸಿದೆವು. ಅವನಿಗೆ ಸ್ಮಾರಕ ಕಟ್ಟುವ ವಿಚಾರದಲ್ಲಿ ಆಗ ನಡೆದ ಜಗಳ ನೋಡಿದರೆ, ಅರ್ಜುನನ ಮೇಲೆ ಜನಕ್ಕೆ ಪ್ರೀತಿ ಇರಲಿಲ್ಲ ಎನ್ನಲಾಗದು. ಪ್ರೀತಿ ಇತ್ತು. ಅದರಿಂದ ಅವನ ಕಾಲಿನ ಸರಪಳಿ ಮಾತ್ರ ಸಡಿಲವಾಗಲಿಲ್ಲ.

ಮೈಸೂರಿನ ಮೃಗಾಲಯ ಶುರುವಾದದ್ದು 1892ರಲ್ಲಿ, ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ. ಅರಮನೆಯ ಸ್ವಂತ ಸಂಗ್ರಹವಾಗಿದ್ದದ್ದು 1909ರಲ್ಲಿ ಅವರ ಹೆಸರನ್ನೇ ಪಡೆಯಿತು. ಅದರ ನಕ್ಷೆಯಲ್ಲಿ ಕೃಂಬಿಗಲ್ ಎಂಬ ಜರ್ಮನ್ ಉದ್ಯಾನತಜ್ಞನ ಕೈ ಇತ್ತು. ಜರ್ಮನಿಯಲ್ಲಿ 1907ರಲ್ಲಿ ಕಾರ್ಲ್ ಹಾಗೆನ್‌ಬೆಕ್ ಎಂಬ ಪ್ರಾಣಿ ವ್ಯಾಪಾರಿ ಹ್ಯಾಂಬರ್ಗ್ ಬಳಿ ಸರಳುಗಳನ್ನು ತೆಗೆದು ಕಂದಕ ತೋಡಿ ಪ್ರಾಣಿಗಳನ್ನು ಇಡುವ ಹೊಸ ಬಗೆಯ ಝೂ ತೆರೆದಿದ್ದ. ಇವತ್ತು ನಾವು ಮೈಸೂರಿನಲ್ಲಿ ಹುಲಿಯನ್ನು ಸರಳಿನ ಅಡ್ಡಿಯಿಲ್ಲದೆ ನೋಡುವುದಕ್ಕೆ ಆ ಉಪಾಯವೇ ಮೂಲ. ಕಂದಕದಿಂದ ಪ್ರಾಣಿಗೆ ಸ್ವಲ್ಪ ಹೆಚ್ಚು ಜಾಗ ಸಿಕ್ಕಿತು, ನಿಜ. ಆದರೆ ಹೆಚ್ಚು ನೆಮ್ಮದಿಯಾದದ್ದು ನೋಡುವವನಿಗೆ. ಸರಳು ಕಾಣದಿದ್ದರೆ ಸೆರೆಯೂ ಕಾಣುವುದಿಲ್ಲ. (ಇದೇ ಹಾಗೆನ್‌ಬೆಕ್ ಅದಕ್ಕೆ ಮುಂಚೆ ದೂರದೇಶಗಳ ಮನುಷ್ಯರನ್ನೂ ತಂದು ಯೂರೋಪಿನವರಿಗೆ ಪ್ರದರ್ಶನ ಮಾಡುತ್ತಿದ್ದ ಎಂಬುದನ್ನು ಝೂಗಳ ಚರಿತ್ರೆ ಬರೆಯುವವರು ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ.)

ಮೈಸೂರಿಗೆ ಹೋದವರು ಪೋಲೋನನ್ನು ಮರೆತಿರಲಾರರು. 1995ರಲ್ಲಿ ಡಬ್ಲಿನ್‌ನಿಂದ ಬಂದ ಗಂಡು ಗೊರಿಲ್ಲ. ಗೊರಿಲ್ಲಗಳು ಸಂಸಾರ ಕಟ್ಟಿಕೊಂಡು ಬಾಳುವ ಜೀವಿಗಳು. ಪೋಲೋಗೆ ಸಂಗಾತಿ ಹುಡುಕುವ ಮಾತು ವರ್ಷವರ್ಷವೂ ಪತ್ರಿಕೆಯಲ್ಲಿ ಬರುತ್ತಿತ್ತು, ಸಂಗಾತಿ ಬರಲಿಲ್ಲ. ಇಡೀ ಭಾರತದಲ್ಲಿ ಅವನ ಜಾತಿಯ ಇನ್ನೊಂದು ಜೀವ ಇಲ್ಲದಂತೆ ವರ್ಷಗಟ್ಟಲೆ ಬದುಕಿ 2014ರಲ್ಲಿ ಸತ್ತ. 'ದೇಶದ ಒಂದೇ ಗೊರಿಲ್ಲ' ಎಂದು ನಾವು ಹೆಮ್ಮೆಯಿಂದ ಹೇಳಿಕೊಂಡೆವು. ಆ ಹೆಮ್ಮೆಯ ಮಾತಿನಲ್ಲೇ ಅವನ ಕಷ್ಟವೆಲ್ಲ ಇತ್ತು. 2021ರಲ್ಲಿ ಜರ್ಮನಿಯಿಂದ ಥಾಬೋ, ಡೆಂಬಾ ಎಂಬ ಇಬ್ಬರು ಅಣ್ಣತಮ್ಮಂದಿರು ಬಂದರು. ಒಂಟಿಯಾಗಿ ತರಬಾರದೆಂಬ ಬುದ್ಧಿ ಅಷ್ಟರಲ್ಲಿ ಬಂದಿತ್ತು. ತರಲೇಬೇಕಿತ್ತೇ ಎಂದು ಕೇಳಿದವರು ಕಡಿಮೆ.

ಬಿಳಿ ಹುಲಿಯದು ಇನ್ನೂ ಸ್ಪಷ್ಟವಾದ ಕತೆ. 1951ರಲ್ಲಿ ರೇವಾ ಸಂಸ್ಥಾನದ ಕಾಡಿನಲ್ಲಿ ಮೋಹನ ಎಂಬ ಬಿಳಿ ಮರಿಯನ್ನು ಹಿಡಿದರು. ಬಣ್ಣ ಮುಂದುವರಿಯಲಿ ಎಂದು ಅವನನ್ನು ಅವನ ಮಗಳ ಜೊತೆಯೇ ಕೂಡಿಸಿದರು. ರಕ್ತಸಂಬಂಧದಲ್ಲೇ ಬೆಳೆಸಿದ ಆ ವಂಶದಲ್ಲಿ ಮೆಳ್ಳಗಣ್ಣು ಮುಂತಾದ ದೋಷಗಳು ಕಾಣಿಸಿಕೊಂಡವು. ಕಾಡಿನ ಹುಲಿಗೆ ಇದರಿಂದ ಕೂದಲೆಳೆಯಷ್ಟೂ ಲಾಭವಿಲ್ಲ. ನೋಡುವವರ ಕಣ್ಣಿಗಾಗಿಯೇ ಹುಟ್ಟಿಸಿದ ಪ್ರಾಣಿ ಅದು.

ಈಗ ಮಾತಿನ ಇನ್ನೊಂದು ಮಗ್ಗುಲಿಗೆ ಬರುತ್ತೇನೆ. ಮೈಸೂರಿನ ಹೊರಗೆ ಕೂರ್ಗಳ್ಳಿಯಲ್ಲಿ ಒಂದು ಪುನರ್ವಸತಿ ಕೇಂದ್ರವಿದೆ. ಊರಿಗೆ ನುಗ್ಗಿದ, ಜನರ ಮೇಲೆ ಬಿದ್ದ, ಗಾಯಗೊಂಡ ಹುಲಿ ಚಿರತೆಗಳನ್ನು ಹಿಡಿದು ಅಲ್ಲಿಗೆ ತರುತ್ತಾರೆ. 2019ರ ಅಕ್ಟೋಬರ್‌ನಲ್ಲಿ ಗುಂಡ್ಲುಪೇಟೆಯ ಚೌಡಹಳ್ಳಿ ಕಡೆ ಇಬ್ಬರನ್ನು ಕೊಂದ ಹುಲಿಯನ್ನು ಅಲ್ಲಿಗೇ ಒಯ್ದರು. 2021ರ ಅಕ್ಟೋಬರ್‌ನಲ್ಲಿ ಗಡಿಯಾಚೆಯ ಮಸಿನಗುಡಿ ಬಳಿ ವಾರಗಟ್ಟಲೆ ಹುಡುಕಿ ಅರಿವಳಿಕೆ ಕೊಟ್ಟು ಹಿಡಿದ ಟಿ-23 ಎಂಬ ಹುಲಿಯೂ ಅಲ್ಲಿಗೇ ಬಂತು. ಅಲ್ಲಿ ಟಿಕೇಟು ಇಲ್ಲ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಕೂಡಿಹಾಕುವುದು ಉಂಟು, ನೋಡುವುದು ಇಲ್ಲ. ಸೆರೆ ಬೇಕೇಬೇಕಾದರೆ ಅದು ಹೀಗಿರಬೇಕು ಎಂಬುದು ನನ್ನ ಅಭಿಪ್ರಾಯ.

ಕಾನೂನಿನ ಮನಸ್ಸೂ ಹೆಚ್ಚುಕಡಿಮೆ ಇದೇ. 1972ರ ಕಾಯ್ದೆಯ 11ನೆಯ ಕಲಮನ್ನು ಓದಿದರೆ, ಹುಲಿ ಆನೆಗಳಂಥ ಪ್ರಾಣಿ ಮನುಷ್ಯನ ಪ್ರಾಣಕ್ಕೆ ಅಪಾಯವಾದಾಗಲೂ, ಹಿಡಿಯಲು ಸಾಧ್ಯವೇ ಇಲ್ಲ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾದ ಮೇಲಷ್ಟೇ ಕೊಲ್ಲಲು ಅಪ್ಪಣೆ. ಅದರ ಜೊತೆಗೇ ಇನ್ನೊಂದು ಮಾತು ಸೇರಿಸಿದ್ದಾರೆ, ಅದನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ: ಹಿಡಿದ ಪ್ರಾಣಿಯನ್ನು ಮತ್ತೆ ಕಾಡಿಗೆ ಬಿಡುವಂತಿಲ್ಲ ಎಂದು ಖಚಿತವಾದರೆ ಮಾತ್ರ ಸೆರೆಯಲ್ಲಿಡಬಹುದು. ಅಂದರೆ ಕಾನೂನಿನ ಪ್ರಕಾರ ಬೋನು ಕೊನೆಯ ದಾರಿ. ಟೀ ಅಂಗಡಿಯಲ್ಲಿ ಅದೇ ಮೊದಲ ದಾರಿ.

ಹಾಗಾದರೆ ಹಿಡಿದು ಬೇರೆ ಕಾಡಿಗೆ ಬಿಟ್ಟರಾಯಿತಲ್ಲ ಎನ್ನಬಹುದು. ಮಹಾರಾಷ್ಟ್ರದ ಜುನ್ನಾರ್‌ನಲ್ಲಿ 2001ರಿಂದ ಹಾಗೆ ಚಿರತೆಗಳನ್ನು ಹಿಡಿಹಿಡಿದು ಬೇರೆಡೆ ಬಿಟ್ಟರು. ವಿದ್ಯಾ ಆತ್ರೇಯ ಮತ್ತು ಜೊತೆಗಾರರು ಅದರ ಲೆಕ್ಕ ಹಾಕಿ ನೋಡಿದಾಗ, ಬಿಟ್ಟ ಜಾಗಗಳ ಸುತ್ತ ಮನುಷ್ಯರ ಮೇಲಿನ ದಾಳಿ ಹೆಚ್ಚಾಗಿತ್ತು. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಚಿರತೆ ತನ್ನ ನೆಲ ಹುಡುಕಿಕೊಂಡು ಹಳ್ಳಿಗಳ ನಡುವೆ ಅಲೆಯುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬಂದು ನಿಲ್ಲುತ್ತದೆ. ಆದ್ದರಿಂದ ಟೀ ಅಂಗಡಿಯ ಮಾತನ್ನು ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ. 'ಬುಟ್ರೆ ತಿರ್ಗಾ ಬತ್ತದ' ಎಂಬುದರಲ್ಲಿ ನಿಜವಿದೆ. ಝೂಗೆ ಹಾಕಿದರೂ ಇನ್ನೊಂದು ಬರುತ್ತದೆ ಎಂಬುದು ಅಲ್ಲಿ ಹೇಳದೆ ಬಿಟ್ಟ ಅರ್ಧ.

ಇಲ್ಲಿ ಒಂದು ತೊಡಕಿದೆ. ಕೂರ್ಗಳ್ಳಿಯ ಕೇಂದ್ರ ನಡೆಯುವುದು ಮೈಸೂರು ಝೂನ ಆಶ್ರಯದಲ್ಲಿ. ಮೈಸೂರು ಝೂ ನಡೆಯುವುದು ಬಹುಪಾಲು ಗೇಟಿನಲ್ಲಿ ಬರುವ ಹಣದಿಂದ. ಯಾರೂ ನೋಡದ ಹುಲಿಯ ಊಟದ ಖರ್ಚು, ಎಲ್ಲರೂ ನೋಡುವ ಜಿರಾಫೆಯ ಟಿಕೇಟಿನಿಂದ ಬರುತ್ತದೆ. ಕೊರೊನಾ ಕಾಲದಲ್ಲಿ ಗೇಟು ಮುಚ್ಚಿದಾಗ ಇದು ಬಯಲಾಯಿತು. ಆಹಾರಕ್ಕೆ, ಸಿಬ್ಬಂದಿಯ ಸಂಬಳಕ್ಕೆ ದಾನಿಗಳ ಮುಂದೆ ಕೈಚಾಚಬೇಕಾಯಿತು. ಪ್ರಾಣಿ ದತ್ತು ಯೋಜನೆಗೆ ಸಿನಿಮಾದವರು ಕರೆಕೊಟ್ಟ ಮೇಲೆ ಹಣ ಹರಿದು ಬಂತು. ಝೂ ಮುಚ್ಚಿ ಎಂದು ಬೆಂಗಳೂರಿನಲ್ಲಿ ಕುಳಿತು ಬರೆಯುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ನಾಳೆ ಬೆಳಿಗ್ಗೆ ಮುಚ್ಚಿದರೆ ಒಳಗಿರುವ ಜೀವಗಳಿಗೆ ಹೋಗಲು ಜಾಗವಿಲ್ಲ.

ಮುಚ್ಚದೆಯೂ ಮುಗಿಸುವ ದಾರಿ ಉಂಟು, ನಮ್ಮಲ್ಲೇ ಒಮ್ಮೆ ಅದು ನಡೆದಿದೆ. ಜಾತ್ರೆ ಪೇಟೆಗಳಲ್ಲಿ ಸರ್ಕಸ್ ಡೇರೆ ಹಾಕಿದರೆ ಸಿಂಹ ಬೆಂಕಿಯ ಬಳೆ ಹಾರುವುದನ್ನು ಹಿರಿಯರು ನೋಡಿರುತ್ತೀರಿ. 1998ರಲ್ಲಿ ಕೇಂದ್ರ ಸರ್ಕಾರ ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳ ಪ್ರದರ್ಶನ ನಿಲ್ಲಿಸಿ ಅಧಿಸೂಚನೆ ಹೊರಡಿಸಿತು, 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಸ್ಸಿನ ಸಿಂಹ ಹುಲಿಗಳು ಬನ್ನೇರುಘಟ್ಟದಂಥ ರಕ್ಷಣಾ ಕೇಂದ್ರಗಳಿಗೆ ಬಂದವು. ಕಾಡಿಗೆ ಬಿಡುವಂತಿರಲಿಲ್ಲ, ಬೇಟೆಯೇ ಗೊತ್ತಿಲ್ಲದವು. ಹಲವು ಸಿಂಹಗಳಂತೂ ಆಫ್ರಿಕದ್ದೂ ಅಲ್ಲದ, ಗಿರ್‌ನದ್ದೂ ಅಲ್ಲದ ಬೆರಕೆ. ಮರಿ ಮಾಡಲು ಬಿಡದೆ ಸಾಯುವ ತನಕ ಅನ್ನ ಔಷಧಿ ಕೊಟ್ಟು ನೋಡಿಕೊಂಡರು. ಕುಣಿಸುವ ಕರಡಿಗಳಿಗೂ ಬನ್ನೇರುಘಟ್ಟದಲ್ಲಿ ಹಾಗೆಯೇ ಆಸರೆ ಸಿಕ್ಕಿತು, ಕುಣಿಸುತ್ತಿದ್ದ ಕಲಂದರ್ ಸಂಸಾರಗಳಿಗೆ ಬೇರೆ ಜೀವನೋಪಾಯದ ಏರ್ಪಾಡೂ ಆಯಿತು. ಒಂದು ತಲೆಮಾರಿನಲ್ಲಿ ಒಂದು ಬಗೆಯ ಸೆರೆಯೇ ತೀರಿಹೋಯಿತು. ಯಾರಿಗೂ ಅದರಿಂದ ನಷ್ಟವಾದಂತೆ ನನಗೆ ಕಾಣುವುದಿಲ್ಲ.

ಆದರೆ ಗಾಳಿ ಆ ದಿಕ್ಕಿನಲ್ಲೇ ಬೀಸುತ್ತಿದೆ ಎನ್ನುವಂತಿಲ್ಲ. ಆನೆಗಳನ್ನು ಝೂಗಳಿಂದ ಆನೆ ಬಿಡಾರಗಳಿಗೆ ಸಾಗಿಸಬೇಕೆಂದು ಕೇಂದ್ರ ಮೃಗಾಲಯ ಪ್ರಾಧಿಕಾರ 2009ರಲ್ಲೇ ಹೇಳಿತು. ಮೈಸೂರಿನಲ್ಲಿ, ಬನ್ನೇರುಘಟ್ಟದಲ್ಲಿ ಇಂದಿಗೂ ಆನೆಗಳಿವೆ. 2025ರ ಜುಲೈನಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳನ್ನು ವಿಮಾನದಲ್ಲಿ ಜಪಾನಿನ ಹಿಮೇಜಿ ಸಫಾರಿ ಪಾರ್ಕಿಗೆ ಕಳಿಸಿದರು. ಅದಕ್ಕೆಂದೇ ಅವುಗಳಿಗೆ ತಿಂಗಳುಗಟ್ಟಲೆ ಪೆಟ್ಟಿಗೆಯೊಳಗೆ ನಿಲ್ಲುವ ಅಭ್ಯಾಸ ಮಾಡಿಸಿದ್ದರು. ಬದಲಿಗೆ ಚೀತಾ, ಜಾಗ್ವಾರ್, ಪೂಮಾ, ಚಿಂಪಾಂಜಿ ಕೊಡುವ ಒಪ್ಪಂದ. ಈ ಕೊಡುಕೊಳ್ಳುವಿಕೆಯಲ್ಲಿ ಆನೆಗಾಗಲಿ ಚೀತಾಗಾಗಲಿ ಏನು ಲಾಭವೆಂದು ನನಗಂತೂ ತಿಳಿಯಲಿಲ್ಲ. ನೋಡುವವರಿಗೆ ಎರಡೂ ದೇಶಗಳಲ್ಲಿ ಹೊಸದೊಂದು ಸಿಗುತ್ತದೆ. ಅದೇ ವರ್ಷ ನವೆಂಬರ್‌ನಲ್ಲಿ ಬೆಳಗಾವಿಯ ಭೂತರಾಮನಹಟ್ಟಿ ಮೃಗಾಲಯದಲ್ಲಿ ಸೋಂಕು ತಗುಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವು. ಬಯಲಲ್ಲಿ ಚದುರಿ ಬದುಕುವ ಪ್ರಾಣಿಯನ್ನು ಒಂದೇ ಆವರಣದಲ್ಲಿ ತುಂಬಿಟ್ಟರೆ ರೋಗಕ್ಕೆ ದಾರಿ ಸುಲಭ. ಜಿಲ್ಲೆಗೊಂದು ಝೂ ಬೇಕೆಂದು ಕೇಳುವ ಜನಪ್ರತಿನಿಧಿಗಳು ಈ ಸುದ್ದಿಯನ್ನು ಓದಿರುತ್ತಾರೆ ಎಂದುಕೊಳ್ಳುತ್ತೇನೆ.

ಝೂ ನೋಡಿದ ಮಕ್ಕಳಲ್ಲಿ ಕಾಡಿನ ಪ್ರೀತಿ ಹುಟ್ಟುತ್ತದೆ ಎಂಬ ವಾದವಿದೆ. ಪೇಟೆಯ ಮಕ್ಕಳ ಮಟ್ಟಿಗೆ ಸ್ವಲ್ಪ ನಿಜವಿರಬಹುದು. ಆದರೆ ಹುಲಿ ಆವರಣದ ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ಒಂದೇ ಗೆರೆಯಲ್ಲಿ ನಡೆಯುತ್ತಲೇ ಇರುವುದನ್ನು ನೀವೂ ಕಂಡಿದ್ದೀರಿ. ಮಗು ಅದನ್ನು 'ಹುಲಿ ವಾಕಿಂಗ್ ಮಾಡ್ತಿದೆ' ಎನ್ನುತ್ತದೆ. 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ರಾಸ್ ಕ್ಲಬ್, ಜಾರ್ಜಿಯಾ ಮೇಸನ್ ಎಂಬ ಇಬ್ಬರು ವಿಜ್ಞಾನಿಗಳು ಬರೆದದ್ದು ಇದನ್ನೇ: ಕಾಡಿನಲ್ಲಿ ಹೆಚ್ಚು ದೂರ ಅಲೆಯುವ ಮಾಂಸಾಹಾರಿಗಳೇ ಸೆರೆಯಲ್ಲಿ ಹೆಚ್ಚಾಗಿ ಹೀಗೆ ಸುತ್ತುತ್ತವೆ, ಅವುಗಳ ಮರಿಗಳೇ ಹೆಚ್ಚು ಸಾಯುತ್ತವೆ. ಹಿಮಕರಡಿಗೆ ಝೂ ಕೊಡುವ ಜಾಗ ಅದರ ಅತಿ ಚಿಕ್ಕ ಸಂಚಾರನೆಲದ ಹತ್ತು ಲಕ್ಷದಲ್ಲಿ ಒಂದು ಪಾಲು ಎಂದು ಅವರ ಲೆಕ್ಕ. ಮಗು ಕಲಿತು ಬರುವುದು ಹುಲಿಯನ್ನೋ, ಹುಲಿಯ ಕಾಯಿಲೆಯನ್ನೋ ಹೇಳುವುದು ಕಷ್ಟ.

ನಮ್ಮ ಸೀಮೆಯವರಿಗೆ ಹುಲಿಯ ಪರಿಚಯ ಮಾಡಿಕೊಡಲು ಝೂ ಬೇಕಿರಲಿಲ್ಲ. ಎಪ್ಪತ್ತೇಳು ಮಲೆಯ ಒಡೆಯ ಮಾದಪ್ಪ ಹುಲಿಯ ಮೇಲೆ ಕೂತೇ ಬಂದವನು. ಬೆಟ್ಟದಲ್ಲಿ ಹುಲಿವಾಹನದ ಸೇವೆಗೆ ದುಡ್ಡು ಕಟ್ಟಿ ಕಾಯುತ್ತೇವೆ. ಬಿಳಿಗಿರಿಯ ಸೋಲಿಗರಿಗೆ ಹುಲಿವೀರಪ್ಪನೆಂದು ಹುಲಿಯೇ ದೇವರು. 2023ರ ಮಾರ್ಚ್‌ನಲ್ಲಿ ಮಹದೇಶ್ವರ ಬೆಟ್ಟದಲ್ಲಿ ಹುಲಿಯನ್ನೇರಿದ ಸ್ವಾಮಿಯ 108 ಅಡಿ ಪ್ರತಿಮೆ ಉದ್ಘಾಟನೆಯಾಯಿತು. 2025ರ ಜೂನ್ 26ರಂದು ಅದೇ ಬೆಟ್ಟದ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮೈಗೆ ಸಿಟ್ಟಿನಿಂದ ವಿಷ ಬೆರೆಸಿದ್ದರೆಂದು ತನಿಖೆ ನಡೆಸಿದವರು ಹೇಳಿದರು. ಐದು ಹುಲಿ ಒಟ್ಟಿಗೆ ಸತ್ತದ್ದು ದೇಶವೇ ಬೆಚ್ಚುವ ಸುದ್ದಿಯಾಯಿತು.

ವಿಷ ಹಾಕಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕಾಡಂಚಿನ ದೊಡ್ಡಿಯಲ್ಲಿ ದನವೇ ಬ್ಯಾಂಕು. ಒಂದು ಹಾಲಿನ ಹಸು ಹೋದರೆ ಸೊಸೈಟಿಗೆ ಹಾಕುವ ಹಾಲು ನಿಲ್ಲುತ್ತದೆ, ಮಗಳ ಫೀಸು ನಿಲ್ಲುತ್ತದೆ. ಪರಿಹಾರ ಉಂಟು, ಅದಕ್ಕೆ ಅರ್ಜಿ, ಮಹಜರು, ಪಶುವೈದ್ಯರ ವರದಿ, ಫೋಟೋ, ಪಾಸ್‌ಬುಕ್ಕಿನ ಜೆರಾಕ್ಸ್. ಇದಕ್ಕೆಲ್ಲ ಎಷ್ಟು ಸಲ ಓಡಾಡಬೇಕೆಂದು ಓಡಾಡಿದವರಿಗೆ ಗೊತ್ತು. ಹಸು ಸತ್ತ ಸಂಜೆಯೇ, ಅದರ ಮೈ ಆರುವ ಮುಂಚೆ, ಅದರ ನಿಜವಾದ ಸಂತೆಬೆಲೆ ಮನೆಯವರ ಕೈಸೇರಿದರೆ ವಿಷದ ಡಬ್ಬಿಗೆ ಕೈ ಹೋಗುವುದು ಕಡಿಮೆಯಾಗುತ್ತದೆ, ಬೋನು ತನ್ನಿ ಎಂಬ ಕೂಗೂ ಕಡಿಮೆಯಾಗುತ್ತದೆ. ದುಡ್ಡಿನ ಲೆಕ್ಕವನ್ನೇ ನೋಡುವುದಾದರೂ ಸರಿ: ಸೆರೆಯ ಹುಲಿ ಹದಿನೈದು ಹದಿನೆಂಟು ವರ್ಷ ಬಾಳಬಲ್ಲದು, ದಿನಕ್ಕೆ ಕಿಲೋಗಟ್ಟಲೆ ಮಾಂಸ ತಿನ್ನುತ್ತದೆ. ಅದಕ್ಕೆ ವೈದ್ಯರು ಬೇಕು, ಕಾವಲಿನವರು ಬೇಕು. ಅಷ್ಟು ದುಡ್ಡಿಗೆ ಎಷ್ಟು ಹಸುಗಳ ಬೆಲೆ ಕೊಡಬಹುದು ಎಂದು ಯಾವ ಬಜೆಟ್ಟಿನಲ್ಲೂ ಯಾರೂ ಅಕ್ಕಪಕ್ಕ ಇಟ್ಟು ನೋಡಿದ್ದು ನನಗೆ ಕಂಡಿಲ್ಲ. ಯಾಕೆಂದರೆ ಝೂ ಒಂದು ಖಾತೆ, ಪರಿಹಾರ ಇನ್ನೊಂದು ಖಾತೆ.

ದುಡ್ಡನ್ನು ಬೇರೆ ರೀತಿ ಖರ್ಚು ಮಾಡಿದ ಉದಾಹರಣೆಯೂ ನಮ್ಮ ಪಕ್ಕದಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಮಹದೇಶ್ವರ ಬೆಟ್ಟದ ಕಡೆಯ ಕಾಡಿಗೂ ನಡುವೆ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಎಂಬ ಕಿರಿದಾದ ಆನೆಹಾದಿ ಉಂಟು. ಅದರ ಬಾಯಲ್ಲಿದ್ದ ಸುಮಾರು 25 ಎಕರೆ ಖಾಸಗಿ ಜಮೀನನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆಯವರು ಮಾಲೀಕರಿಗೆ ಬೆಲೆ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದರು. ಅಲ್ಲಿ ನೋಡಲು ಏನೂ ಇಲ್ಲ. ಬೇಲಿಯಿಲ್ಲದ ಒಂದಿಷ್ಟು ಕುರುಚಲು, ರಾತ್ರಿ ಆನೆ ದಾಟಿದ ಲದ್ದಿ, ಅಷ್ಟೆ. ಉದ್ಘಾಟನೆಯ ಕಲ್ಲು ಹಾಕಿಸಲು ಯಾರಿಗೂ ಉತ್ಸಾಹ ಬರುವಂಥ ಜಾಗವಲ್ಲ.

ಕೊನೆಗೆ ಮೈಸೂರು ಝೂನವರಿಗೆ ಒಂದು ವಿನಂತಿ. ಪ್ರತಿ ಆವರಣದ ಮುಂದೆ ಪ್ರಾಣಿಯ ವೈಜ್ಞಾನಿಕ ಹೆಸರು, ಆಹಾರ, ಆಯಸ್ಸು ಬರೆದ ಹಲಗೆ ಇದೆ. ಅದರಲ್ಲಿ ಇನ್ನೆರಡು ಸಾಲು ಸೇರಿಸಿ: ಈ ಪ್ರಾಣಿ ಇಲ್ಲೇ ಹುಟ್ಟಿತೇ, ಎಲ್ಲಿಂದಾದರೂ ಬಂತೇ; ಬಂದಿದ್ದರೆ ಯಾವ ಊರಿಂದ, ಯಾವ ವರ್ಷ, ಯಾವ ಕಾರಣಕ್ಕೆ. ಯಾರೂ ನೋಡದ ಕೂರ್ಗಳ್ಳಿಯ ಪ್ರಾಣಿಗಳ ಪಟ್ಟಿಯನ್ನೂ ಗೇಟಿನ ಬಳಿ ಹಾಕಿ, ಟಿಕೇಟು ಕೊಂಡವರಿಗೆ ತಮ್ಮ ದುಡ್ಡು ಎಲ್ಲಿಗೆ ಹೋಗುತ್ತದೆಂದು ಗೊತ್ತಾಗಲಿ. ಹನೂರು ಕಡೆಯ ಶಾಲೆಯ ಮಕ್ಕಳು ಅದನ್ನು ಓದುವಾಗ ತಮ್ಮ ಅಕ್ಕಪಕ್ಕದ ಊರಿನ ಹೆಸರು ಕಂಡು, ಇದು ನಮ್ಮ ಹುಲಿ ಎಂದು ಕೂಗಿದರೆ, ಜೊತೆಯಲ್ಲಿರುವ ಮೇಷ್ಟರು ಅದು ಇಲ್ಲಿಗೆ ಬಂದದ್ದು ಹೇಗೆ ಎಂದು ಹೇಳಲು ತಯಾರಾಗಿರಬೇಕಾಗುತ್ತದೆ.